ಜುಲೈಗೆ ಸೇರಲಾ, ಜನವರಿವರೆಗೆ ಕಾಯಲಾ?

ಪ್ರಶ್ನೆ: ನನಗೆ 24 ವರ್ಷ. ಊರು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಕಾಮರ್ಸ್ ತೆಗೆದುಕೊಂಡು ಪಿಯುಸಿ ಪಾಸಾಗಿ ಆರು ವರ್ಷ ಆಯಿತು. ಈಗ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ವಾರಕ್ಕೊಂದು ಶಿಫ್ಟ್. ಪಿಜಿಯಲ್ಲಿ ಇರುತ್ತೇನೆ, ರಜೆ ಸಿಕ್ಕಿದರೆ ಊರಿಗೆ ಹೋಗುತ್ತೇನೆ. ಡಿಗ್ರಿ ಮಾಡಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆ ಬರೆಯಬೇಕು ಅಂತ ಆಸೆ. ದೂರಶಿಕ್ಷಣದಲ್ಲಿ ಬಿ.ಕಾಂ.ಗೆ ಜುಲೈ ಬ್ಯಾಚ್ ಅರ್ಜಿ ಕರೆದಿದ್ದಾರೆ. ಡಿಸೆಂಬರ್‌ನಲ್ಲಿ ಅಕ್ಕನ ಮದುವೆ ಇದೆ. ‘ಮೊದಲು ಅವಳದು ಮುಗಿಯಲಿ, ಆಮೇಲೆ ನಿನ್ನದೂ ಮಾಡ್ತೀವಿ, ಓದು ಆಮೇಲೆ ನೋಡಿಕೊಂಡರಾಯಿತು’ ಅಂತಾರೆ ಅಮ್ಮ. ಜೊತೆಯವರು ‘ಕರೆಸ್ಪಾಂಡೆನ್ಸ್ ಡಿಗ್ರಿಗೆ ಬೆಲೆ ಇಲ್ಲ’ ಅಂತಾರೆ. ಒಬ್ಬರು ಏಜೆಂಟು, ಹಿಂದಿನ ವರ್ಷದ ಅಡ್ಮಿಷನ್ ತೋರಿಸಿ ಬೇಗ ಮುಗಿಸಿಕೊಡುತ್ತೇನೆ ಅಂದಿದ್ದಾರೆ. ಈಗಲೇ ಸೇರಲಾ, ಜನವರಿವರೆಗೆ ಕಾಯಲಾ, ಇಲ್ಲ ಎಲ್ಲ ಸೆಟ್ಲ್ ಆದ ಮೇಲೆ ನೋಡಲಾ? ಮೀಡಿಯಂ ಕನ್ನಡ ತಗೊಳ್ಳಲಾ, ಇಂಗ್ಲಿಷ್ ತಗೊಳ್ಳಲಾ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಒಂದೇ ಥರ ಕಂಡರೂ ಒಳಗೆ ಮೂರು ಭಯ ಇವೆ. ಕಷ್ಟಪಟ್ಟು ಓದಿದ ಡಿಗ್ರಿ ನಾಳೆ ನಡೆಯದೇ ಹೋದರೆ? ಸೇರಿ ಓದಲಾಗದೆ ದುಡ್ಡು ಹೋದರೆ? ಕಾಯುತ್ತಾ ಕೂತು ವಯಸ್ಸೇ ಹೋದರೆ? ಒಂದೊಂದಾಗಿ ನೋಡೋಣ. ಏಜೆಂಟಿನ ವಿಷಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಕೂಡ ಕೊಡಬೇಡಿ.

ಯಾಕೆ ಅಂದರೆ, ‘ಹಿಂದಿನ ವರ್ಷದ ಅಡ್ಮಿಷನ್’ ಅನ್ನುವುದು ನೇರವಾಗಿ ಸುಳ್ಳು ದಾಖಲೆ. ಮೂರು ವರ್ಷದ ಡಿಗ್ರಿಗೆ ಮೂರು ವರ್ಷ ಬೇಕೇ ಬೇಕು. ಈಗ ದೂರಶಿಕ್ಷಣಕ್ಕೆ ಸೇರುವ ಪ್ರತಿಯೊಬ್ಬರೂ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಯುಜಿಸಿಯ ಡಿಇಬಿ (ದೂರಶಿಕ್ಷಣ ವಿಭಾಗ) ಐಡಿ ಅನ್ನುವ ನಂಬರ್ ಮಾಡಿಕೊಳ್ಳಬೇಕು. 2024ರಿಂದ ಇದು ಕಡ್ಡಾಯ. ನೀವು ಯಾವ ವಿಶ್ವವಿದ್ಯಾಲಯಕ್ಕೆ, ಯಾವ ಬ್ಯಾಚ್‌ಗೆ ಸೇರಿದಿರಿ ಅನ್ನುವುದು ಅದರಲ್ಲಿ ದಾಖಲಾಗುತ್ತದೆ. ಹಿಂದಿನ ತಾರೀಖು ಹಾಕಲು ಜಾಗವೇ ಇಲ್ಲ. ಏಜೆಂಟರು ಏನು ಮಾಡುತ್ತಾರೆ ಅಂದರೆ, ಈ ಐಡಿಯನ್ನು ತಮ್ಮ ಮೊಬೈಲ್ ನಂಬರ್ ಹಾಕಿ ತಾವೇ ಮಾಡಿಬಿಡುತ್ತಾರೆ. ಮುಂದೆ ನಿಮಗೆ ಬರಬೇಕಾದ ಓಟಿಪಿ ಎಲ್ಲಾ ಅವರಿಗೆ ಹೋಗುತ್ತದೆ. ಪ್ರತಿ ಸೆಮಿಸ್ಟರ್‌ಗೂ ಅವರ ಮುಂದೆ ಕೈಕಟ್ಟಿ ನಿಲ್ಲಬೇಕು. ಅಷ್ಟು ಸಾಲದು ಅಂತ ಮೂರು ವರ್ಷದ ಫೀಸನ್ನೂ ಒಟ್ಟಿಗೇ ಕೇಳುತ್ತಾರೆ. ವಿಶ್ವವಿದ್ಯಾಲಯ ಕೇಳುವುದು ಆಯಾ ವರ್ಷದ್ದು ಅಥವಾ ಆಯಾ ಸೆಮಿಸ್ಟರಿನದು ಮಾತ್ರ.

ಇನ್ನು ‘ಬೆಲೆ ಇಲ್ಲ’ ಅನ್ನುವ ಮಾತು. ಮೈಸೂರಿಗೆ ಇದು ಹೊಸ ವಿದ್ಯೆ ಏನಲ್ಲ. ಮೈಸೂರು ವಿಶ್ವವಿದ್ಯಾಲಯ ಅಂಚೆ ಮೂಲಕ ಪಾಠ ಕಳಿಸಲು ಶುರು ಮಾಡಿದ್ದು 1969ರಲ್ಲಿ. ಅದೇ ಸಂಸ್ಥೆ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಆಯಿತು. ಅದರ ಕ್ಯಾಂಪಸ್ ಮುಕ್ತಗಂಗೋತ್ರಿ ಅಂದರೆ ಆಟೋದವರಿಗೂ ಗೊತ್ತು. ಇಲ್ಲಿ ಓದಿ ಸರ್ಕಾರಿ ಕೆಲಸಕ್ಕೆ ಹೋದವರು ನಿಮ್ಮ ತಾಲ್ಲೂಕಿನಲ್ಲೇ ಸಿಗುತ್ತಾರೆ, ವಿಚಾರಿಸಿ ನೋಡಿ. ಕಾನೂನಿನ ಮಾತಿಗೆ ಬಂದರೆ, ಮಾನ್ಯತೆ ಇರುವ ವಿಶ್ವವಿದ್ಯಾಲಯದ ದೂರಶಿಕ್ಷಣದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಎಂದು ಯುಜಿಸಿಯ 2020ರ ನಿಯಮಗಳಲ್ಲೇ ಇದೆ. 2022ರಲ್ಲಿ ಯುಜಿಸಿ ಇದನ್ನು ಮತ್ತೊಮ್ಮೆ ಪ್ರಕಟಣೆ ಕೊಟ್ಟು ಹೇಳಿತು. ಪಿಡಿಒ ಹುದ್ದೆಗೆ ಯಾವುದೇ ಡಿಗ್ರಿ ಆಗುತ್ತದೆ. ದೂರಶಿಕ್ಷಣದ್ದು ಎಂದು ತಳ್ಳಿಹಾಕುವುದಿಲ್ಲ.

ಹಾಗಾದರೆ ಈ ಮಾತು ಹುಟ್ಟಿದ್ದು ಎಲ್ಲಿಂದ? ಸುಮ್ನೆ ಹುಟ್ಟಿದ್ದಲ್ಲ. 2015ರಲ್ಲಿ ಯುಜಿಸಿ, ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಮಾನ್ಯತೆ ಇಲ್ಲ ಎಂದು ಪ್ರಕಟಿಸಿತು. ರಾಜ್ಯದ ಆಚೆಗೂ ಕೇಂದ್ರಗಳನ್ನು ನಡೆಸಿದ್ದು, ಖಾಸಗಿ ಸಂಸ್ಥೆಗಳ ಜೊತೆ ಸೇರಿ ತಾಂತ್ರಿಕ ಕೋರ್ಸ್ ಕೊಟ್ಟಿದ್ದು ಮುಖ್ಯ ಆಕ್ಷೇಪ ಆಗಿತ್ತು. ಆ ನಡುವೆ ಸೇರಿದ್ದ ಮಕ್ಕಳು ಪಟ್ಟ ಪಾಡು ಈ ಕಡೆಯ ಎಷ್ಟೋ ಮನೆಗಳಿಗೆ ಗೊತ್ತು. ಓದಿ ಮುಗಿಸಿದವರು ಸರ್ಟಿಫಿಕೇಟ್ ಹಿಡಿದು ಅಲೆದರು. 2018ರ ಆಗಸ್ಟ್‌ನಲ್ಲಿ ಮಾನ್ಯತೆ ಮರಳಿ ಬಂತು. ಹೆಸರಿಗೆ ಹತ್ತಿದ ಕರೆ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ನಿಮ್ಮ ಜೊತೆಯವರು ಹೇಳುತ್ತಿರುವುದು ಆ ಹಳೆಯ ಕಥೆ.

ಆದರೆ ಅದರಿಂದ ಕಲಿಯಬೇಕಾದ್ದು ಒಂದಿದೆ. ಮಾನ್ಯತೆ ಅನ್ನುವುದು ವಿಶ್ವವಿದ್ಯಾಲಯದ ಹೆಸರಿಗೆ ಒಂದು ಸಲ ಕೊಟ್ಟು ಮುಗಿಯುವಂಥದ್ದಲ್ಲ. ಯಾವ ವರ್ಷ, ಯಾವ ಬ್ಯಾಚ್, ಯಾವ ಕೋರ್ಸ್ ಎಂದು ನೋಡಬೇಕು. ಯುಜಿಸಿಯ ದೂರಶಿಕ್ಷಣ ವಿಭಾಗದ ವೆಬ್‌ಸೈಟಿನಲ್ಲಿ ಪಟ್ಟಿ ಇರುತ್ತದೆ. ನೀವು ಸೇರುವ ಬ್ಯಾಚಿನ ಪಟ್ಟಿಯಲ್ಲಿ ನಿಮ್ಮ ವಿಶ್ವವಿದ್ಯಾಲಯದ ಮುಂದೆ ಬಿ.ಕಾಂ. ಇದೆಯಾ ನೋಡಿ. ಆ ಪುಟವನ್ನು ಪ್ರಿಂಟ್ ತೆಗೆದು ಫೈಲಿನಲ್ಲಿ ಇಟ್ಟುಕೊಳ್ಳಿ. ಮುಂದೆ ದಾಖಲೆ ಪರಿಶೀಲನೆಯಲ್ಲಿ ಯಾರಾದರೂ ಕೇಳಿದರೆ ಕೈಯಲ್ಲಿ ಇರಲಿ. ಜುಲೈ ಪಟ್ಟಿ ನೋಡಿ ಜನವರಿಗೆ ಸೇರಬೇಡಿ, ಮತ್ತೆ ನೋಡಿ.

ಇನ್ನೊಂದು ಮಾತು, ನಿಮಗೆ ಸಂಬಂಧ ಇಲ್ಲದಿದ್ದರೂ ಓದುವ ಬೇರೆಯವರಿಗಾಗಿ: ಪಿಯುಸಿ ಇಲ್ಲದೆ ನೇರ ಡಿಗ್ರಿಗೆ ಸೇರಿಸುತ್ತೇವೆ ಅನ್ನುವವರ ಹಿಂದೆ ಹೋಗಬೇಡಿ. ನೌಕರಿಯ ನೇಮಕಾತಿಯಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಸಾಲಾಗಿ ಇರಬೇಕು ಎಂದು ಕೇಳುವುದೇ ಜಾಸ್ತಿ. ನಿಮಗೆ ಪಿಯುಸಿ ಇದೆ, ಆ ಚಿಂತೆ ಬಿಡಿ. ಆರು ವರ್ಷದ ಗ್ಯಾಪ್ ಕೂಡ ಅಡ್ಡಿಯಲ್ಲ. ಮುಕ್ತ ವಿಶ್ವವಿದ್ಯಾಲಯ ಇರುವುದೇ ಗ್ಯಾಪ್ ಆದವರಿಗೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಸೇರುವುದು ಯಾವಾಗ?

ಎಲ್ಲರೂ ಈ ಲೆಕ್ಕವನ್ನು ಅಡ್ಮಿಷನ್ ತಾರೀಖಿನಿಂದ ಶುರು ಮಾಡುತ್ತಾರೆ. ಕೊನೆ ದಿನ ಯಾವಾಗ, ದುಡ್ಡು ಹೊಂದುತ್ತದಾ, ಅಷ್ಟೇ. ನಾನು ದೂರಶಿಕ್ಷಣದ ವಿದ್ಯಾರ್ಥಿಗಳ ಜೊತೆ ಕೆಲಸ ಮಾಡಿ ಕಂಡುಕೊಂಡಿದ್ದು, ಲೆಕ್ಕ ಹಾಕಬೇಕಾದ್ದು ಮೊದಲ ಪರೀಕ್ಷೆಯ ತಿಂಗಳಿನಿಂದ ಹಿಂದಕ್ಕೆ. ಸೇರುವ ದಿನ ಎಲ್ಲರಿಗೂ ಉತ್ಸಾಹ ಇರುತ್ತದೆ. ಬಿಟ್ಟುಹೋಗುವವರು ಹೆಚ್ಚಾಗಿ ಬಿಟ್ಟುಹೋಗುವುದು ಮೊದಲ ಪರೀಕ್ಷೆಯ ಹೊತ್ತಿಗೆ. ಮೊದಲ ಪರೀಕ್ಷೆ ಬರೆದವರು ಫೇಲಾದರೂ ಮುಂದುವರಿಯುತ್ತಾರೆ. ಬರೆಯದೇ ಉಳಿದವರು ಎರಡನೆಯದಕ್ಕೂ ಬರುವುದು ಕಷ್ಟ.

ಜುಲೈ ಬ್ಯಾಚ್ ಸೇರಿದರೆ, ಸೆಮಿಸ್ಟರ್ ಪದ್ಧತಿಯಲ್ಲಿ ಮೊದಲ ಪರೀಕ್ಷೆ ಡಿಸೆಂಬರ್ ಸುತ್ತಮುತ್ತ ಬೀಳುತ್ತದೆ. ನಿಮ್ಮ ಮನೆಯಲ್ಲಿ ಡಿಸೆಂಬರ್ ಅಂದರೆ ಏನು? ಅಕ್ಕನ ಮದುವೆ. ಅದೇ ಹೊತ್ತಿಗೆ ನಾಲೆ ಬಯಲಿನಲ್ಲಿ ಭತ್ತದ ಕಟಾವು. ಮದುವೆ ಮನೆಯಲ್ಲಿ ತಂಗಿ ಅಂದರೆ ಜವಳಿಯಿಂದ ಹಿಡಿದು ಬೀಗರ ಊಟದವರೆಗೆ ಎಲ್ಲದಕ್ಕೂ ಅವಳೇ ಬೇಕು. ಫ್ಯಾಕ್ಟರಿಯಲ್ಲಿ ಇರುವ ಅಷ್ಟೂ ರಜೆ ಮದುವೆಗೇ ಹೋಗುತ್ತದೆ. ಪರೀಕ್ಷೆಗೆ ಮತ್ತೆ ರಜೆ ಕೇಳಿದರೆ ಸೂಪರ್‌ವೈಸರ್ ಮುಖ ಹೇಗಿರುತ್ತದೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಇದರ ಜೊತೆ ಇನ್ನೊಂದು ಸೂಕ್ಷ್ಮ ಇದೆ. ಅಡ್ಮಿಷನ್ ಕೊನೆ ದಿನ ಮುಂದೆ ಹೋಗುತ್ತಲೇ ಇರುತ್ತದೆ. ಜುಲೈ ಬ್ಯಾಚ್ ಎಂದು ಹೆಸರು, ಸೆಪ್ಟೆಂಬರ್‌ನಲ್ಲೂ ಸೇರಿಸಿಕೊಳ್ಳುತ್ತಾರೆ. ‘ಇನ್ನೂ ಟೈಮ್ ಇದೆ’ ಅಂತ ಕೊನೆಗೆ ಸೇರುತ್ತೀರಿ. ಪರೀಕ್ಷೆ ಅಷ್ಟೇ ದಿನ ಮುಂದೆ ಹೋಗುವುದಿಲ್ಲ. ಪುಸ್ತಕ ಕೈಗೆ ಬರುವ ಹೊತ್ತಿಗೆ ಅಸೈನ್‌ಮೆಂಟ್ ಕೊಡುವ ದಿನ ಬಂದಿರುತ್ತದೆ.

ಓದಿನ ಭಾರ ಎಷ್ಟು ಅಂತಲೂ ತಿಳಿದಿರಲಿ. ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು. ನಾಲ್ಕು ಕ್ರೆಡಿಟ್‌ನ ಒಂದು ಪೇಪರ್‌ಗೆ 120 ಗಂಟೆ. ಅಂಥ ಐದು ಪೇಪರ್ ಇದ್ದರೆ ಒಂದು ಸೆಮಿಸ್ಟರ್‌ಗೆ 600 ಗಂಟೆ, ಅಂದರೆ ವಾರಕ್ಕೆ 25 ಗಂಟೆ ಹತ್ತಿರ. ಗಾಬರಿ ಆಗಬೇಡಿ, ಇದು ಪುಸ್ತಕದ ಲೆಕ್ಕ. ಕೆಲಸ ಮಾಡುತ್ತಾ ಓದುವವರು ಅದರಲ್ಲಿ ಅರ್ಧ ಓದಿದರೂ ಪಾಸಾಗುವುದನ್ನು ನೋಡಿದ್ದೇನೆ. ಆದರೆ ಆ ಅರ್ಧವಾದರೂ ಬೇಕು. ನೈಟ್ ಶಿಫ್ಟ್ ವಾರದಲ್ಲಿ ಓದು ಆಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ಮೂರು ಶಿಫ್ಟ್ ಸುತ್ತುತ್ತಿದ್ದರೆ ತಿಂಗಳಲ್ಲಿ ನಿಮಗೆ ಓದಲು ಸಿಗುವುದು ಮೂರು ವಾರವೂ ಇಲ್ಲ.

ಜನವರಿ ಬ್ಯಾಚ್ ಆದರೆ? ಮದುವೆ ಮುಗಿದಿರುತ್ತದೆ. ಫೆಬ್ರವರಿಯಿಂದ ಜೂನ್‌ವರೆಗೆ ಓದಿಗೆ ಒಂದು ಉದ್ದದ ಅವಧಿ ಸಿಗುತ್ತದೆ. ಮೊದಲ ಪರೀಕ್ಷೆ ಜೂನ್-ಜುಲೈ ಸುಮಾರಿಗೆ. ಕನ್ನಂಬಾಡಿ ಕಟ್ಟೆ ತುಂಬಿ ನಾಲೆಗೆ ನೀರು ಬಿಟ್ಟು ನಾಟಿ ಜೋರಾಗುವುದು ಸಾಮಾನ್ಯವಾಗಿ ಅದರ ನಂತರ. ಆಷಾಢದಲ್ಲಿ ಮದುವೆ ಮುಂಜಿಗಳೂ ಇರುವುದಿಲ್ಲ. ಹೆಣ್ಣುಮಕ್ಕಳಿಗೆ ಪರೀಕ್ಷೆಗೆ ಆಷಾಢದಷ್ಟು ಒಳ್ಳೆಯ ಮಾಸ ಇನ್ನೊಂದಿಲ್ಲ ಅಂತ ನಾನು ತಮಾಷೆ ಮಾಡುವುದುಂಟು. ನಿಮ್ಮ ಸ್ಥಿತಿಗೆ ನನ್ನ ಸಲಹೆ ಜನವರಿ.

ಇದರಲ್ಲಿ ನಷ್ಟ ಇಲ್ಲವೇ? ಇದೆ. ಡಿಗ್ರಿ ಆರು ತಿಂಗಳು ತಡವಾಗಿ ಕೈಗೆ ಬರುತ್ತದೆ. ಪಿಡಿಒಗೆ ಅರ್ಜಿ ಹಾಕುವಾಗ ಕೊನೆಯ ದಿನಾಂಕದ ಒಳಗೆ ಡಿಗ್ರಿ ಪಾಸಾಗಿರಬೇಕು. ‘ಫೈನಲ್ ಸೆಮಿಸ್ಟರ್ ಬರೆದಿದ್ದೇನೆ, ರಿಸಲ್ಟ್ ಬರಬೇಕು’ ಅಂದರೆ ಸಾಮಾನ್ಯವಾಗಿ ನಡೆಯುವುದಿಲ್ಲ. ಆ ಆರು ತಿಂಗಳಲ್ಲೇ ನೇಮಕಾತಿ ಕರೆದರೆ ಅದು ಕೈತಪ್ಪುತ್ತದೆ. ಆದರೆ ಪಿಡಿಒ ನೇಮಕಾತಿ ವರ್ಷ ವರ್ಷ ಬರುವುದೂ ಇಲ್ಲ, ಯಾವಾಗ ಬರುತ್ತದೆ ಅಂತ ಹೇಳುವವರೂ ಇಲ್ಲ. ಅದನ್ನು ನಂಬಿ ಮದುವೆ ಮನೆಯಲ್ಲಿ ಪರೀಕ್ಷೆ ಬರೆಯಲು ಹೋಗುವುದು ನನಗೆ ಸರಿ ಕಾಣುವುದಿಲ್ಲ. ವಯಸ್ಸಿನ ಭಯವಂತೂ ಬೇಡ. ಪಿಡಿಒ ಥರದ ಹುದ್ದೆಗೆ ಸಾಮಾನ್ಯ ವರ್ಗದವರಿಗೂ 35 ವರ್ಷದವರೆಗೆ ಅವಕಾಶ ಇದ್ದದ್ದೇ. ನಿಮಗೆ 24. ಪಿಎಸ್‌ಐ ಆಗಬೇಕು ಅಂದಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು, ಅಲ್ಲಿ ವಯಸ್ಸಿನ ಮಿತಿ ಬಿಗಿ.

ಎರಡನೇ ನಷ್ಟ ಯಾರೂ ಹೇಳುವುದಿಲ್ಲ. ಜನವರಿಯಲ್ಲಿ ಸೇರಿದವರ ಡಿಗ್ರಿ ವರ್ಷದ ಕೊನೆಗೆ ಮುಗಿಯುತ್ತದೆ. ಆಮೇಲೆ ರೆಗ್ಯುಲರ್ ಕಾಲೇಜಿನಲ್ಲಿ ಎಂ.ಕಾಂ. ಓದಬೇಕು ಅನಿಸಿದರೆ ಅಲ್ಲಿ ಅಡ್ಮಿಷನ್ ಶುರುವಾಗುವವರೆಗೆ ಸುಮ್ಮನೆ ಕೂರಬೇಕು. ದೂರಶಿಕ್ಷಣದಲ್ಲೇ ಎಂ.ಕಾಂ. ಆದರೆ ಈ ತೊಂದರೆ ಇಲ್ಲ, ಅಲ್ಲೂ ಜನವರಿ ಬ್ಯಾಚ್ ಇರುತ್ತದೆ.

ಇಷ್ಟು ಹೇಳಿದರೂ ‘ಕಾದರೆ ನನ್ನ ಮನಸ್ಸೇ ಬದಲಾಗುತ್ತದೆ’ ಅನಿಸಿದರೆ ಜುಲೈಗೇ ಸೇರಿ, ಆದರೆ ಒಂದು ಉಪಾಯದ ಜೊತೆ. ಮೂರು ವರ್ಷದ ಡಿಗ್ರಿಯನ್ನು ಅದರ ಎರಡರಷ್ಟು ಅವಧಿಯವರೆಗೆ ಮುಗಿಸಲು ಅವಕಾಶ ಇರುತ್ತದೆ. ಮೊದಲ ಸಲ ಎರಡೋ ಮೂರೋ ಪೇಪರ್ ಮಾತ್ರ ಓದಿ ಬರೆಯಿರಿ. ಉಳಿದದ್ದು ಮುಂದಿನ ಸಲ. ಅಸೈನ್‌ಮೆಂಟ್ ಮಾತ್ರ ಎಲ್ಲಾ ಪೇಪರಿನದೂ ಕೊಟ್ಟುಬಿಡಿ. ಒಟ್ಟು ಅಂಕದಲ್ಲಿ ಶೇಕಡಾ 30ರವರೆಗೆ ಅಸೈನ್‌ಮೆಂಟಿನದೇ ಇರಬಹುದು, ಅದು ಮನೆಯಲ್ಲಿ ಕೂತು ಗಳಿಸುವ ಅಂಕ. ಅಪಾಯ ಏನೆಂದರೆ, ಬಾಕಿ ಪೇಪರ್ ಸಾಲದ ಹಾಗೆ, ತೀರಿಸದಿದ್ದರೆ ಬೆಳೆಯುತ್ತದೆ. ಮತ್ತೆ ಪರೀಕ್ಷೆ ಫೀಸು ಕಟ್ಟಬೇಕು. ಮುಂದಿನ ಸೆಮಿಸ್ಟರ್‌ನಲ್ಲಿ ಏಳೆಂಟು ಪೇಪರ್ ಎದುರಿಗೆ ಬಂದು ನಿಲ್ಲುತ್ತವೆ. ಶಿಸ್ತು ಇರುವವರಿಗೆ ಮಾತ್ರ ಈ ದಾರಿ.

ಸಂಜೆ ಕಾಲೇಜಿನ ಮಾತೂ ಕೆಲವರು ಹೇಳುತ್ತಾರೆ. ಮೈಸೂರಿನಲ್ಲಿ ವಿಶ್ವವಿದ್ಯಾಲಯದ್ದೇ ಸಂಜೆ ಕಾಲೇಜು ಇದೆ. ಮೇಷ್ಟ್ರು ಎದುರಿಗಿದ್ದು ಪಾಠ ಮಾಡುವುದರ ಲಾಭವೇ ಬೇರೆ. ಆದರೆ ಶಿಫ್ಟ್ ಸುತ್ತುವವರಿಗೆ ಅದು ಹೊಂದುವುದಿಲ್ಲ. ಎಚ್‌ಆರ್‌ನಲ್ಲಿ ಕೇಳಿ ಖಾಯಂ ಫಸ್ಟ್ ಶಿಫ್ಟ್ ಸಿಗುವುದಾದರೆ ಯೋಚಿಸಿ.

ಇನ್ನು ‘ಎಲ್ಲ ಸೆಟ್ಲ್ ಆದ ಮೇಲೆ’. ಅಮ್ಮನ ಮಾತನ್ನು ತೆಗೆದುಹಾಕುತ್ತಿಲ್ಲ. ಅವರಿಗೆ ಇಬ್ಬರು ಹೆಣ್ಣುಮಕ್ಕಳ ಮದುವೆಯ ಯೋಚನೆ ಇದೆ, ಕಬ್ಬಿನ ದುಡ್ಡು ಯಾವಾಗ ಬರುತ್ತದೋ ಅನ್ನುವ ಯೋಚನೆಯೂ ಇರುತ್ತದೆ. ಆದರೆ ನಾನು ಕಂಡಂತೆ, ಮದುವೆಗೆ ಮುಂಚೆ ಡಿಗ್ರಿ ಶುರು ಮಾಡಿದ್ದವರು ಮದುವೆಯಾದ ಮೇಲೆ ತಡವಾಗಿಯಾದರೂ ಮುಗಿಸಿದ್ದಾರೆ. ಮದುವೆ ಆದ ಮೇಲೆ ಶುರು ಮಾಡೋಣ ಅಂದವರಲ್ಲಿ ಹೆಚ್ಚಿನವರು ಮತ್ತೆ ಬಂದಿದ್ದು ಮಗು ಸ್ಕೂಲಿಗೆ ಸೇರಿದ ಮೇಲೆ. ಅರ್ಧ ಓದಿರುವ ಹುಡುಗಿಗೆ ‘ಮುಗಿಸಿಬಿಡು’ ಅನ್ನುವುದು ಅತ್ತೆ ಮನೆಯವರಿಗೂ ಸುಲಭ. ಹೊಸದಾಗಿ ಸೇರಲು ‘ಹೂಂ’ ಅನ್ನಿಸುವುದು ಕಷ್ಟ. ಹಾಗಾಗಿ ಅಮ್ಮನಿಗೆ ಹೀಗೆ ಹೇಳಿ ನೋಡಿ: ಅಕ್ಕನ ಮದುವೆ ಮುಗಿಯುವವರೆಗೆ ಓದಿನ ಮಾತು ಎತ್ತಲ್ಲ, ಜನವರಿಗೆ ನನ್ನ ಸಂಬಳದಲ್ಲೇ ಫೀಸು ಕಟ್ಟಿ ಸೇರುತ್ತೇನೆ. ಅವರು ಬೇಡ ಅನ್ನಲಾರರು ಅಂದುಕೊಳ್ಳುತ್ತೇನೆ. ಮುಂದೆ ನೀವು ಬೆಂಗಳೂರಿಗೋ ಇನ್ನೆಲ್ಲಿಗೋ ಹೋದರೂ ಅರ್ಜಿ ಕೊಟ್ಟು ಕಲಿಕಾ ಕೇಂದ್ರ, ಪರೀಕ್ಷಾ ಕೇಂದ್ರ ಬದಲಾಯಿಸಿಕೊಳ್ಳಲು ದಾರಿ ಇದೆ. ಒಂದೇ ಎಚ್ಚರ. ಕೋರ್ಸ್ ಮುಗಿಯುವವರೆಗೆ ಆಧಾರ್‌ನಲ್ಲಿ ಗಂಡನ ಹೆಸರು ಸೇರಿಸಿ ನಿಮ್ಮ ಹೆಸರು ಬದಲಾಯಿಸಬೇಡಿ. ಮಾರ್ಕ್ಸ್ ಕಾರ್ಡ್ ಒಂದು ಹೆಸರಲ್ಲಿ, ಆಧಾರ್ ಇನ್ನೊಂದು ಹೆಸರಲ್ಲಿ ಆಗಿ ಒದ್ದಾಡಿದವರು ಬೇಕಾದಷ್ಟು ಜನ ಇದ್ದಾರೆ.

ಹೆಸರಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಜನವರಿಗೆ ಸೇರುವುದಾದರೂ ಈಗಲೇ ಮಾಡಬೇಕಾದ ಕೆಲಸ ಇದೆ. ಡಿಇಬಿ ಐಡಿಗೆ ಮುಂಚೆ ಎಬಿಸಿ ಐಡಿ (ನಿಮ್ಮ ಕ್ರೆಡಿಟ್‌ಗಳ ಲೆಕ್ಕ ಇಡುವ ಆನ್‌ಲೈನ್ ಖಾತೆಯ ನಂಬರ್) ಬೇಕು, ಅದು ಆಧಾರ್ ಜೊತೆ ಸೇರಿಕೊಂಡಿರುತ್ತದೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕಿನಲ್ಲಿ ಅಪ್ಪನ ಹೆಸರು ಪೂರ್ತಿ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲೂ ಆಧಾರ್‌ನಲ್ಲೂ ಹೆಸರು ಒಂದೇ ಥರ ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲಬಹುದು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇರುವ ಹಾಗೆಯೇ ಆಧಾರ್ ತಿದ್ದಿಸಿಕೊಳ್ಳಿ. ಮೊಬೈಲ್ ನಂಬರ್ ನಿಮ್ಮದೇ ಇರಲಿ. ಕೆಲವು ಕಡೆ ಕೆಲಸಕ್ಕೆ ಸೇರುವಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡಿರುತ್ತಾರೆ. ನಿಮ್ಮದೂ ಹಾಗಿದ್ದರೆ ಈಗಿಂದಲೇ ಕೇಳಲು ಶುರು ಮಾಡಿ. ಕಾಲೇಜಿನಿಂದ ಟಿಸಿ ತಂದಿಲ್ಲ ಅಂದರೆ ಅದನ್ನೂ ತಂದಿಡಿ.

ಎರಡನೇ ಕೆಲಸ, ಒಂದು ಪರೀಕ್ಷೆ. ನಿಮಗೆ ನೀವೇ ಕೊಟ್ಟುಕೊಳ್ಳುವಂಥದ್ದು. ಬಿ.ಕಾಂ. ಮೊದಲ ಸೆಮಿಸ್ಟರಿನ ಅಕೌಂಟೆನ್ಸಿ ಪುಸ್ತಕ ಯಾರ ಹತ್ತಿರವಾದರೂ ಇಸ್ಕೊಳ್ಳಿ. ಇಂಗ್ಲಿಷ್ ಓದಲು ತೊಂದರೆ ಇಲ್ಲದಿದ್ದರೆ ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಪಾಠಗಳು ಅದರ ಇ-ಜ್ಞಾನಕೋಶ ಅನ್ನುವ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮ ಶಿಫ್ಟ್ ಒಂದು ಪೂರ್ತಿ ಸುತ್ತು ಬರುವಷ್ಟು ದಿನ ಓದಿ. ಫಸ್ಟ್ ಶಿಫ್ಟ್ ವಾರ ಎಷ್ಟು ಹೊತ್ತು ಆಯಿತು, ನೈಟ್ ಶಿಫ್ಟ್ ವಾರ ಎಷ್ಟು, ಊರಿಗೆ ಹೋದ ದಿನ ಎಷ್ಟು, ಡೈರಿಯಲ್ಲಿ ಬರೆಯಿರಿ. ಪಾಂಡವಪುರದ ರೈಲಿನಲ್ಲಿ ಓದುತ್ತೇನೆ ಅನ್ನುವವರು ಬಹಳ ಜನ ಇದ್ದಾರೆ. ಕೂರಲು ಜಾಗ ಸಿಕ್ಕರೆ ನಿದ್ದೆ, ಸಿಗದಿದ್ದರೆ ನಿಂತುಕೊಂಡು ಮಾತು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪಿಜಿಯಲ್ಲಿ ಓದಲು ಜಾಗ ಇದೆಯಾ ಅನ್ನುವುದೂ ಆಗಲೇ ಗೊತ್ತಾಗುತ್ತದೆ. ವಾರಕ್ಕೆ ಹನ್ನೆರಡು ಗಂಟೆ ಹತ್ತಿರ ಆಗುತ್ತಿದ್ದರೆ ಧೈರ್ಯವಾಗಿ ಸೇರಿ. ಮೂರು ನಾಲ್ಕು ಗಂಟೆಯೂ ಆಗದಿದ್ದರೆ, ಸೇರುವ ಮುಂಚೆ ಶಿಫ್ಟಿನ ಬಗ್ಗೆಯೋ ಪಿಜಿ ಬಗ್ಗೆಯೋ ಏನಾದರೂ ಬದಲಾವಣೆ ಮಾಡಿಕೊಳ್ಳಬೇಕು.

ಬಿ.ಕಾಂ. ಬೇಕಾ, ಬಿ.ಎ. ಸಾಕಾ ಅಂತಲೂ ಒಮ್ಮೆ ಯೋಚಿಸಿ. ಪಿಡಿಒ ಪರೀಕ್ಷೆಗೆ ಎರಡೂ ಒಂದೇ. ಇತಿಹಾಸ, ರಾಜ್ಯಶಾಸ್ತ್ರ ಓದಿದರೆ ಸ್ಪರ್ಧಾತ್ಮಕ ಪರೀಕ್ಷೆಗೂ ಉಪಯೋಗ. ಆದರೆ ಫ್ಯಾಕ್ಟರಿಯಲ್ಲೇ ಅಕೌಂಟ್ಸ್‌ಗೋ ಸ್ಟೋರ್ಸ್‌ಗೋ ಹೋಗುವ ದಾರಿ ಇದ್ದರೆ ಬಿ.ಕಾಂ. ಬಿಡಬೇಡಿ. ಲೆಕ್ಕದ ಪೇಪರ್ ಒಬ್ಬರೇ ಕೂತು ಕಲಿಯುವುದು ಕಷ್ಟ, ಆರು ವರ್ಷ ಬಿಟ್ಟವರಿಗೆ ಇನ್ನೂ ಕಷ್ಟ. ಸಂಪರ್ಕ ತರಗತಿಗಳನ್ನು ತಪ್ಪಿಸಿಕೊಳ್ಳಬೇಡಿ. ಬಿ.ಎ.ದವರು ತಪ್ಪಿಸಿದರೂ ಹೇಗೋ ನಡೆಯುತ್ತದೆ, ನಿಮಗೆ ನಡೆಯುವುದಿಲ್ಲ. ನಾಲ್ಕು ವರ್ಷದ ಡಿಗ್ರಿ ಆಗಿದೆಯಂತಲ್ಲ ಅಂತ ಯಾರಾದರೂ ಹೆದರಿಸಿದರೆ, 2021ರಲ್ಲಿ ಬಂದ ಆ ಪದ್ಧತಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೈಬಿಟ್ಟು ಮೂರು ವರ್ಷಕ್ಕೇ ಮರಳಿದೆ ಅಂತ ಹೇಳಿ.

ಮೀಡಿಯಂ ವಿಷಯ. ಪಿಯುಸಿ ಯಾವುದರಲ್ಲಿ ಓದಿದಿರಿ ಅಂತ ನೀವು ಬರೆದಿಲ್ಲ. ಕನ್ನಡದಲ್ಲಿ ಓದಿದ್ದರೆ ಕನ್ನಡವೇ ತೆಗೆದುಕೊಳ್ಳಿ. ದೂರಶಿಕ್ಷಣದಲ್ಲಿ ಪುಸ್ತಕವೇ ಮೇಷ್ಟ್ರು, ಅದು ಅರ್ಥ ಆಗದಿದ್ದರೆ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಡಿಗ್ರಿ ಯಾವ ಮೀಡಿಯಂನಲ್ಲಿ ಓದಿದರೂ ಪಿಡಿಒಗೆ ಅರ್ಜಿ ಹಾಕಲು ಅಡ್ಡಿಯಿಲ್ಲ. ಪಿಯುಸಿ ಇಂಗ್ಲಿಷ್‌ನಲ್ಲಿ ಓದಿ ಡೆಬಿಟ್, ಕ್ರೆಡಿಟ್, ಬ್ಯಾಲೆನ್ಸ್ ಶೀಟ್ ಅಂತಲೇ ಅಭ್ಯಾಸ ಇದ್ದರೆ ಈಗ ಖರ್ಚು ಜಮೆ ಅಂತ ಬದಲಾಯಿಸಿಕೊಳ್ಳುವ ಕಷ್ಟ ಬೇಡ, ಇಂಗ್ಲಿಷಿನಲ್ಲೇ ಬರೆಯಿರಿ. ಅರ್ಜಿ ಹಾಕುವಾಗ ಈ ಕಾಲಂ ಸರಿಯಾಗಿ ನೋಡಿ ತುಂಬಿ. ಅಲ್ಲಿ ನೀವು ಏನು ಗುರುತು ಹಾಕುತ್ತೀರೋ ಆ ಭಾಷೆಯ ಪುಸ್ತಕವೇ ಮನೆಗೆ ಬರುತ್ತದೆ. ಬಂದ ಮೇಲೆ ಬದಲಾಯಿಸಿಕೊಡಿ ಅಂತ ಓಡಾಡುವುದರಲ್ಲೇ ಅರ್ಧ ಸೆಮಿಸ್ಟರ್ ಕಳೆದಿರುತ್ತದೆ.